ಗಾಳಿಗೂ ವಂದನೆ ಹೇಳಿದವರು

ಅವರು ತೀರಿಕೊಂಡ ಮೇಲೆ ದಾವಣಗೆರೆಯಲ್ಲೊಂದು ಸಂತಾಪ ಸಭೆ ನಡೆಯಿತು. ಹಳೆಯ ವಿದ್ಯಾರ್ಥಿ ಎಂದು ನನ್ನನ್ನೂ ಕರೆದಿದ್ದರು. ಮೊದಲು ಮಾತಾಡಿದವರು, "ಅಗಲಿದ ಗುರುಗಳು ಮೃದುಭಾಷಿಗಳು, ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದರು. ಬೇರೆ ಯಾರದೋ ಸಂತಾಪ ಸಭೆಗೆ ಬಂದುಬಿಟ್ಟೆನೇನೋ ಎಂದು ಗಾಬರಿಯಾಗಿ ಹಾರ ಹಾಕಿದ ಫೋಟೋವನ್ನು ಇನ್ನೊಮ್ಮೆ ನೋಡಿದೆ. ಅದೇ ಮೊಂಡು ಮೂಗು, ಅದೇ ಓರೆ ನಗು. ಅವರೇ. ಎರಡನೆಯವರು ಎದ್ದು "ಅಜಾತಶತ್ರು" ಎಂದರು. ನನಗೆ ಎದ್ದು ಹೊರಗೆ ಹೋಗಿ ಒಂದು ಚಹಾ ಕುಡಿಯಬೇಕೆನಿಸಿತು. ಸತ್ತವರ ಬಗ್ಗೆ ಸುಳ್ಳು ಹೇಳಬಾರದೆಂದು ಯಾರೂ ನಮಗೆ ಕಲಿಸಿಲ್ಲ. ಕೆಟ್ಟದ್ದು ಹೇಳಬಾರದೆಂದು ಮಾತ್ರ ಕಲಿಸಿದ್ದಾರೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, ಎಲ್ಲಿದ್ದರೂ ಎದ್ದು ಬಂದು ಕಾಗುಣಿತ ತಿದ್ದುವ ಜನ ಅವರು. ನಮಗೆಲ್ಲ ಅವರು ವಿಮಾನದ ಮೇಷ್ಟ್ರು. ವಿಮಾನವೇ ಇಲ್ಲದ ಊರಿನಲ್ಲಿ ವಿಮಾನದ ಮೇಷ್ಟ್ರು ಹೇಗೆ ಬಂದರು ಎಂದು ಕೇಳುತ್ತೀರಿ. ಅದಕ್ಕೆ ಸಾಹುಕಾರರ ಬಗ್ಗೆ ಹೇಳಬೇಕು.

ಅರವತ್ತರ ದಶಕದ ಮೊದಲ ಭಾಗ. ಹತ್ತಿ ವ್ಯಾಪಾರದ ಒಬ್ಬ ಸಾಹುಕಾರರು ನಮ್ಮ ಊರಾದ ದಾವಣಗೆರೆಯಲ್ಲಿ ಖಾಸಗಿ ತಾಂತ್ರಿಕ ಶಾಲೆಯೊಂದನ್ನು ನಡೆಸುತ್ತಿದ್ದರು. ಈಗ ಆ ಶಾಲೆಯೂ ಇಲ್ಲ, ಸಾಹುಕಾರರೂ ಇಲ್ಲ. ಒಮ್ಮೆ ಅವರು ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದವರು ಬೆಂಗಳೂರಿಗೆ ವಿಮಾನದಲ್ಲಿ ಬಂದರು. ಅಲ್ಲಿಂದ ಮುಂದೆ ಒಂದು ವರ್ಷ ಅವರ ಯಾವ ಮಾತೂ ನೆಲದ ಮೇಲಿನಿಂದ ಶುರುವಾಗಲಿಲ್ಲ. ಹತ್ತಿ ಧಾರಣೆ ಕೇಳಿದರೂ "ನಾನು ವಿಮಾನದಾಗ ಬರೋವಾಗ..." ಎಂದೇ ಆರಂಭ. ಮರುವರ್ಷ ಶಾಲೆಯಲ್ಲಿ ವಿಮಾನ ನಿಲ್ದಾಣ ನಡೆಸುವ ವಿದ್ಯೆಗೊಂದು ವಿಭಾಗ ತೆರೆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಹಳೇ ಪದ್ಧತಿ; ಸಾಹುಕಾರರು ಕುಲಾವಿ ಹೊಲಿಸಿ ತಲೆ ಹುಡುಕಲು ಹೊರಟರು. ಸಿಕ್ಕಿದ ತಲೆಗಳಲ್ಲಿ ನನ್ನದೊಂದು, ನನ್ನ ಗೆಳೆಯ ಮಹಬೂಬನದೊಂದು.

ಕಲಿಸಲು ಬಂದವರು ಈ ಮೇಷ್ಟ್ರು. ಯುದ್ಧದ ಕಾಲದಲ್ಲಿ ಯಾವುದೋ ವಿಮಾನ ನಿಲ್ದಾಣದಲ್ಲಿ ಗಾಳಿ, ಮೋಡ ನೋಡಿ, ಯಾವ ಕಡೆಯಿಂದ ಇಳಿಯಬೇಕೆಂದು ವಿಮಾನಗಳಿಗೆ ಹೇಳುವ ಕೆಲಸದಲ್ಲಿದ್ದರಂತೆ. ತಾವು ಮಾತ್ರ ಒಂದು ದಿನವೂ ವಿಮಾನ ಹತ್ತಿದವರಲ್ಲ. ಶಾಲೆ ತನಿಖೆಗೆ ಬಂದ ಸಾಹೇಬರೊಬ್ಬರು ಇದನ್ನು ಕೇಳಿ ನಕ್ಕಾಗ ಮೇಷ್ಟ್ರು, "ಮದುವೆ ಊಟ ಅಟ್ಟೋನು ತಾನೂ ಹಸೆಮಣೆ ಮ್ಯಾಲೆ ಕೂಡ್ಲೇಬೇಕು ಅಂತ ಏನೈತ್ರೀ ಸಾಹೇಬ್ರ?" ಎಂದರು. ಸಾಹೇಬರ ನಗು ಅಲ್ಲಿಗೆ ನಿಂತಿತು. ಆ ವರ್ಷ ನಮ್ಮ ಶಾಲೆಯ ಅನುದಾನವೂ ನಿಂತಿತು.

ಅವರ ನಾಲಿಗೆಯೇ ಹಾಗೆ. ತಡವಾಗಿ ಬಂದ ಹುಡುಗ "ಬಸ್ ತಪ್ಪಿಬಿಡ್ತು ಸಾರ್" ಎಂದರೆ, "ಬಸ್ಸು ತಪ್ಪಿಲ್ಲಪ್ಪ, ಅದು ಸರಿಯಾಗೇ ಹೋಗೈತೆ. ತಪ್ಪಿದ್ದು ನೀನು" ಎನ್ನುವರು. ನಾವು ತಿಳಿಯದ್ದಕ್ಕೆ ಏನೇನೋ ಸುತ್ತಿ ಬಳಸಿ ಉತ್ತರ ಕೊಟ್ಟರೆ ಕಣ್ಣು ಮುಚ್ಚಿ ಕೇಳುವರು, ಮುಗಿದ ಮೇಲೆ ಕಣ್ಣು ತೆರೆದು, "ಗೊತ್ತಿಲ್ಲ ಅನ್ನೋದು ಒಂದು ಉತ್ತರ ಕಣಪ್ಪ. ಗೊತ್ತಿಲ್ದೆ ಹೇಳೋದು ಒಂದು ರೋಗ" ಎನ್ನುವರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದವನು ಇವರನ್ನು ಕಂಡಿರಲಿಲ್ಲ. ಇವರಿಗೆ ಮಾತೂ ಚೆನ್ನಾಗಿ ಬರುತ್ತಿತ್ತು, ಹೋದಲ್ಲೆಲ್ಲ ಜಗಳವೂ ಚೆನ್ನಾಗಿ ಬರುತ್ತಿತ್ತು.

ಬೆಳಿಗ್ಗೆ ಪಿ.ಜೆ. ಬಡಾವಣೆಯ ಬಾಡಿಗೆ ಮನೆಯಿಂದ ಹೊರಟವರು ತರಗತಿಗೆ ಬರುವ ಮೊದಲು ಗೇಟಿನ ಬಳಿ ನಿಂತು ಮಿಲ್ಲಿನ ಚಿಮಣಿ ಕಡೆ ತಲೆಯೆತ್ತಿ ನೋಡುತ್ತಿದ್ದರು. ಹೊಗೆ ವಾಲಿದ ದಿಕ್ಕು ನೋಡಿ ಅಂದಿನ ಗಾಳಿಯನ್ನು ಹಲಗೆಯ ಮೂಲೆಯಲ್ಲಿ ಬರೆದರೇನೇ ಪಾಠ ಶುರು. ಬೇರೆ ಮೇಷ್ಟ್ರುಗಳು ಶ್ರೀಕಾರ ಬರೆಯುತ್ತಿದ್ದ ಜಾಗದಲ್ಲಿ ಇವರದು ಗಾಳಿ. ದಾರಿಯಲ್ಲಿ ಹೋಗುವವರು, ಪಾಪ, ಕತ್ತು ಉಳುಕಿರಬೇಕು ಎಂದುಕೊಳ್ಳುತ್ತಿದ್ದರು. ಒಬ್ಬ ಅಜ್ಜಿ ನಿಂತು ಎಣ್ಣೆ ನೀವಿಸಿಕೊಳ್ಳಲು ಹೇಳಿಯೂ ಹೋಗಿದ್ದಳು.

ಆ ವರ್ಷ ಸಾಹುಕಾರರು ಒಂದು ಸ್ಪರ್ಧೆ ಘೋಷಿಸಿದರು. ವಿಭಾಗದ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಸ್ವಂತ ಸಂಶೋಧನೆ ಮಾಡಿ, ಸಭೆಯ ಮುಂದೆ ಪ್ರಬಂಧ ಮಂಡಿಸಬೇಕು. ಗೆದ್ದವರಿಗೆ ಬೆಳ್ಳಿ ಬಟ್ಟಲು. ವಿಷಯವನ್ನು ಅವರೇ ಕೊಟ್ಟರು: ಹರಿಹರದ ಹೊಳೆದಂಡೆಯ ಜಮೀನಿನಲ್ಲಿ ವಿಮಾನ ನಿಲ್ದಾಣ ಏಕೆ ಅತ್ಯಗತ್ಯ. ಆ ಜಮೀನು ಯಾರದೆಂದು ಕೇಳಬೇಡಿ. ಸಾಹುಕಾರರದೇ. ಸರ್ಕಾರ ಅದನ್ನು ಕೊಳ್ಳಲಿ ಎಂಬುದು ಅವರ ಸಣ್ಣ ಆಸೆ, ಅಲ್ಲಿ ತಮ್ಮ ಹೆಸರಿರಲಿ ಎಂಬುದು ದೊಡ್ಡ ಆಸೆ. ಉತ್ತರವನ್ನು ಮೊದಲೇ ಕೊಟ್ಟು ಪ್ರಶ್ನೆಯನ್ನು ಆಮೇಲೆ ಕೇಳುವ ಈ ಸಂಶೋಧನಾ ಕ್ರಮ ಈಗ ದೇಶದ ತುಂಬ ಹಬ್ಬಿದೆ. ಕಂಡುಹಿಡಿದದ್ದು ನಮ್ಮೂರಿನಲ್ಲಿ ಎಂದು ಯಾರಿಗೂ ತಿಳಿಯದು.

ಬೇರೆ ತಂಡಗಳು ಸಾಹುಕಾರರ ಅಂಗಡಿಗೆ ಹೋಗಿ ಅವರ ವಿಮಾನ ಪ್ರಯಾಣದ ಕಥೆ ಕೇಳಿ ಬರೆದುಕೊಂಡವು. ನಮ್ಮ ತಂಡವನ್ನು ಮೇಷ್ಟ್ರು ಬೆಳಗಿನ ಪ್ಯಾಸೆಂಜರ್ ರೈಲಿಗೆ ಹತ್ತಿಸಿ ಹರಿಹರಕ್ಕೆ ಕರೆದುಕೊಂಡು ಹೋದರು. "ಜಾಗದ ವಿಷ್ಯ ಜಾಗಾನ ಕೇಳ್ಬೇಕು. ಮಾಲೀಕರನ್ನ ಕೇಳಿದ್ರೆ ಮಾಲೀಕರ ವಿಷ್ಯ ಹೇಳ್ತಾರೆ" ಎಂಬುದು ಅವರ ಮಾತು.

ಗಾಳಿ ನೋಡಲು ಬಿದಿರು ಗಳುವಿನ ತುದಿಗೆ ಕಟ್ಟುವ ಉದ್ದನೆಯ ಬಟ್ಟೆ ಚೀಲವೊಂದು ಬೇಕಿತ್ತು. ಮಹಬೂಬನ ತಂದೆ, ನಾವೆಲ್ಲ ಅಬ್ಬಾ ಎನ್ನುತ್ತಿದ್ದವರು, ಪೇಟೆಯಲ್ಲಿ ದರ್ಜಿ. ಮಿಲ್ಲಿನ ಬಟ್ಟೆ ಹಿಡಿದುಕೊಂಡು ಹೋಗಿ, ಒಂದು ಬಾಯಿ ಅಗಲ, ಇನ್ನೊಂದು ಬಾಯಿ ಕಿರಿದು ಎಂದು ಮೇಷ್ಟ್ರು ವಿವರಿಸಿದರು. ಅಬ್ಬಾ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಪೈಜಾಮ ಅಂತ ತಿಳ್ಕೊಂಡೆ ಸಾಬ್, ಒಂದೇ ಕಾಲು ಐತಲ್ಲ? ಯಾರಿಗೆ ಪಾಪ?"

"ಗಾಳಿಗೆ ಕಣ್ರೀ."

"ಗಾಳಿಗಾ? ಹಂಗಾರೆ ಸಡ್ಲ ಇಡ್ತೀನಿ. ತಿರ್ಗಾಡೋ ಆಸಾಮಿ" ಎಂದು ಅವರು ಗಂಭೀರವಾಗಿಯೇ ಕತ್ತರಿ ಹಾಕಿದರು.

ಹೊಳೆದಂಡೆಯಲ್ಲಿ ಗಳು ನೆಟ್ಟು ನಾವು ವಾರಗಟ್ಟಲೆ ನೋಡಿದೆವು. ಜಮೀನು ಹೊಳೆಯ ಪಕ್ಕದಲ್ಲೇ ತೆಂಕಣದಿಂದ ಬಡಗಣಕ್ಕೆ ಉದ್ದಕ್ಕೆ ಮಲಗಿತ್ತು. ಮಧ್ಯಾಹ್ನವಾದರೆ ಗಾಳಿ ಹೊಳೆ ದಾಟಿ ಪಡುವಣದಿಂದ ಅಡ್ಡಡ್ಡ ಬೀಸುತ್ತಿತ್ತು. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಅಡ್ಡಗಾಳಿಗೆ ಸಿಕ್ಕರೆ ಗಾಳಿ ಬಂದ ಕಡೆಗೇ ಮೂಗು ತಿರುಗಿಸುತ್ತದೆ. ಆ ಕಡೆ ಹೋದರೆ ಹೊಳೆ. ಉದ್ದಕ್ಕೆ ಹೋದರೆ ಒಂದು ತುದಿಯಲ್ಲಿ ರೈಲಿನ ಏರಿ, ಇನ್ನೊಂದು ತುದಿಯಲ್ಲಿ ಕಾರ್ಖಾನೆಯ ಚಿಮಣಿ. ಸತ್ತ ದನ ಹಾಕುವ ಜಾಗ ಅಲ್ಲೇ ಹತ್ತಿರ ಇದ್ದುದರಿಂದ ಮೇಲೆ ಸದಾ ರಣಹದ್ದುಗಳು ಸುತ್ತುತ್ತಿದ್ದವು. ಚಳಿಗಾಲದ ಬೆಳಿಗ್ಗೆ ಮಂಜು. ಮಳೆಗಾಲದಲ್ಲಿ ಹೊಳೆಯೇ ಒಳಗೆ ಬರುತ್ತದೆ ಎಂದು ಎಮ್ಮೆ ಮೇಯಿಸುವವರೆಲ್ಲ ಹೇಳಿದರು. ಎಮ್ಮೆಗಳಂತೂ ನಾವು ಗೆರೆ ಎಳೆದು ಗುರುತು ಮಾಡಿದ ಕಡೆಯೇ ದಿನಾ ನೀರಿಗೆ ಹೋಗುತ್ತಿದ್ದವು.

ಪ್ರಬಂಧದ ಕರಡನ್ನು ಮೇಷ್ಟ್ರ ಮನೆಯಲ್ಲಿ ಕೂತು ಮೊದಲು ಕನ್ನಡದಲ್ಲಿ ಬರೆದೆವು. ಕೊನೆಯ ಸಾಲು ಬರೆದದ್ದು ಮಹಬೂಬ: ಈ ಜಾಗದಲ್ಲಿ ಯಾವ ವಿಮಾನವೂ ಇಳಿಯಬಾರದು. ಅದನ್ನು ಅವನು ಗಟ್ಟಿಯಾಗಿ ಓದಿದಾಗ ಒಳಗಿನಿಂದ ಅಮ್ಮಾವ್ರು, ಅಂದರೆ ಮೇಷ್ಟ್ರ ಹೆಂಡತಿ, ಕಾಫಿ ಲೋಟ ಹಿಡಿದು ಹೊರಗೆ ಬಂದರು. ಲೋಟಗಳನ್ನು ಕೆಳಗಿಟ್ಟವರು ಅಲ್ಲೇ ನಿಂತರು.

"ಅದು ಸಾಹುಕಾರ್ರ ಜಮೀನಲ್ರೀ?"

"ಹೌದು."

"ನಿಮ್ಮ ಕಾಯಂ ಆಗೋ ಕಾಗದಕ್ಕ ಸಹಿ ಹಾಕೋರು ಅವ್ರೇ ಅಲ್ರೀ?"

"ಹೌದು."

ಆಮೇಲೆ ಅವರು ನಮ್ಮ ಮುಂದೆಯೇ, ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡಿದರು. "ತುಮಕೂರಾತು, ಶಿವಮೊಗ್ಗ ಆತು, ಅರಸೀಕೆರೆ ಆತು. ಎಲ್ಲಿ ಹೋದ್ರೂ ನಿಮ್ಮ ನಾಲಿಗಿ ನಮಗಿಂತ ಮುಂಚೆ ಮನೆ ಖಾಲಿ ಮಾಡ್ಸತೈತೆ. ಮಗಳು ಈಗ ಸಾಲಿಗೆ ಹೊಂದಿಕೊಂಡಾಳ. ನಾಕು ಮಂದಿ ಪರಿಚಯ ಆಗ್ಯಾರ. ಈ ಊರು ನಂಗೆ ಹಿಡಿಸೈತೆ ಕಣ್ರೀ. ಇದೊಂದ್ಸಲ ಬಾಯಿ ಮುಚ್ಕೊಂಡಿರ್ರಿ. ನಿಮ್ಮನ್ನ ಯಾವತ್ತೂ ಏನೂ ಕೇಳಿಲ್ಲ."

ಮೇಷ್ಟ್ರು ಏನೋ ಚುರುಕು ಮಾತು ಹೇಳುತ್ತಾರೆಂದು ಕಾದೆವು. ಅವರು ಕಾಫಿ ಕುಡಿದರು, ಅಷ್ಟೆ. ನಾವು ಹೊರಟಾಗ ಬಾಗಿಲವರೆಗೆ ಬಂದು, "ಕಂಡಿದ್ದು ಕಂಡಂಗೆ ಓದ್ರಿ. ನಾನು ನಡುವೆ ಬಾಯಿ ಹಾಕಲ್ಲ" ಎಂದರು. ಅಷ್ಟೂ ವರ್ಷಗಳ ಅವರ ನೌಕರಿಯೆಲ್ಲ ಹಂಗಾಮಿ. ಪ್ರತಿ ಬೇಸಿಗೆಗೆ ಬಿಡಿಸುವರು, ಮಳೆ ಬಿದ್ದ ಮೇಲೆ ಮತ್ತೆ ಕರೆಯುವರು. ಆ ಮನೆಗೆ ಆ ಒಂದು ಸಹಿ ಏನೆಂಬುದು ಅಂದು ನಮಗೆ ಅರ್ಥವಾಯಿತು.

ಸ್ಪರ್ಧೆಯ ದಿನ ವೇದಿಕೆಯ ಮೇಲೆ ತೀರ್ಪುಗಾರರು ಮೂವರು: ನಡುವೆ ಸಾಹುಕಾರರು, ಎಡಕ್ಕೊಬ್ಬ ವಕೀಲರು, ಬಲಕ್ಕೊಬ್ಬ ಡಾಕ್ಟರು. ಸ್ವಾಗತ, ಹಾರ, ಪರಿಚಯ, ಅಧ್ಯಕ್ಷ ಭಾಷಣ ಮುಗಿಯುವ ಹೊತ್ತಿಗೆ ವಕೀಲರು ನಿದ್ದೆ ಹೋಗಿದ್ದರು. ಡಾಕ್ಟರನ್ನು ಯಾವುದೋ ಹೆರಿಗೆಗೆ ಕರೆದುಕೊಂಡು ಹೋಗಿದ್ದರು. ಮೊದಲ ತಂಡ ರಟ್ಟಿನ ವಿಮಾನ ಮಾಡಿ ತಂದಿತ್ತು. ಎರಡನೆಯದು ವಿಮಾನದ ಕುರ್ಚಿ ಎಷ್ಟು ಮೆತ್ತಗಿರುತ್ತದೆಂದು ಸಾಹುಕಾರರ ಬಾಯಿಯಿಂದ ಕೇಳಿದ್ದನ್ನು ಸಾಹುಕಾರರಿಗೇ ತಿಳಿಸಿತು. "ಕಾಫಿ ಕೊಡ್ತಾರಲ್ಲ, ಅದನ್ನ ಬರದಿಲ್ಲೇನು?" ಎಂದು ಅವರು ಕೇಳಿದರು. ಬರೆದಿರಲಿಲ್ಲ. ಅಂಕ ಹೋಯಿತು.

ತಾಂತ್ರಿಕ ಪ್ರಬಂಧ ಇಂಗ್ಲಿಷಿನಲ್ಲೇ ಇರಬೇಕೆಂದು ಸಾಹುಕಾರರ ಕಟ್ಟಪ್ಪಣೆ. ಅವರಿಗೆ ಆ ಭಾಷೆ ಬಾರದು. ಬಾರದೆಂದು ಒಪ್ಪುವುದು ಇನ್ನೂ ಬಾರದು. ಬೇರೆಯವರು ತಡವರಿಸಿ ಕನ್ನಡಕ್ಕೆ ಬಂದುಬಿಟ್ಟರು. ಮಹಬೂಬ ಮಾತ್ರ ಮೊದಲಿನಿಂದ ಕೊನೆವರೆಗೆ ಇಂಗ್ಲಿಷಿನಲ್ಲಿ, ನಿಧಾನವಾಗಿ, ಸ್ಪಷ್ಟವಾಗಿ ಓದಿದ. ಕೊನೆಯ ಸಾಲನ್ನಂತೂ ಎರಡು ಸಲ ಓದಿದ. ಸಾಹುಕಾರರು ಪ್ರತಿ ವಾಕ್ಯಕ್ಕೂ ತಲೆದೂಗಿದರು. ಚಪ್ಪಾಳೆಗೆ ಎಚ್ಚರಗೊಂಡ ವಕೀಲರು ಯಾಕೆಂದು ತಿಳಿಯದೆಯೇ ತಾವೂ ತಟ್ಟಿದರು. ಬೆಳ್ಳಿ ಬಟ್ಟಲು ನಮಗೆ ಬಂತು.

ಮೂಲೆಯಲ್ಲಿ ಕೂತಿದ್ದ ಮೇಷ್ಟ್ರು ನಮ್ಮ ಬೆನ್ನು ತಟ್ಟಿ, "ಸತ್ಯಕ್ಕೆ ಬಹುಮಾನ ಬಂದಿದ್ದು ನಾನು ಇದೇ ಮೊದಲು ನೋಡಿದ್ದು. ಎಲ್ಲೋ ಏನೋ ತಪ್ಪಾಗೈತೆ" ಎಂದರು.

ಏನು ತಪ್ಪಾಗಿದೆ ಎಂಬುದು ವಾರದೊಳಗೆ ತಿಳಿಯಿತು. ಹೊಳೆದಂಡೆಯಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಇಡುವುದಾಗಿ ಸಾಹುಕಾರರು ಸಾರಿದರು. ಆಧಾರ ಏನೆಂದರೆ ನಮ್ಮದೇ ಪ್ರಬಂಧ! "ನಮ್ಮ ಹುಡುಗ್ರೇ ಸಂಶೋಧನೆ ಮಾಡಿ ಸಾಬೀತು ಮಾಡ್ಯಾರ, ಬಹುಮಾನ ಸೈತ ಬಂದೈತೆ" ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಮೇಷ್ಟ್ರು ನಮ್ಮಿಬ್ಬರನ್ನೂ ಕರೆದುಕೊಂಡು ಅವರ ಅಂಗಡಿಗೆ ಹೋದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಸಾಹುಕಾರ್ರೆ, ಆ ಪ್ರಬಂಧದಾಗ ಇರೋದು ಅಲ್ಲಿ ನಿಲ್ದಾಣ ಆಗಲ್ಲ ಅಂತ."

"ಕೂಡ್ರಿ ಮೇಷ್ಟ್ರ, ಚಾ ಕುಡೀರಿ" ಎಂದರು ಸಾಹುಕಾರರು. "ಆಗ್ತೈತೋ ಆಗಲ್ವೋ ಅದನ್ನ ಆಮೇಲೆ ನೋಡಾನ. ಈಗ ಕಾರ್ಡು ಅಚ್ಚಾಗಿ ಬಂದಾವು."

"ಗಾಳಿ ಅಡ್ಡ ಬೀಸ್ತೈತ್ರೀ."

"ಕಾರ್ಡು ಅಚ್ಚಾದ ಮ್ಯಾಲೆ ಮದುವೇನೇ ನಿಲ್ಲಲ್ಲ, ಗಾಳಿಗೆ ಇದು ನಿಲ್ತೈತೇನ್ರೀ? ನೋಡ್ರಿ, ನಿಮ್ಮ ಹೆಸ್ರೂ ಹಾಕ್ಸೀನಿ, ವಂದನಾರ್ಪಣೆ ನಿಮ್ದೇ." ಆಮೇಲೆ ದನಿ ತಗ್ಗಿಸಿ, "ಸೋಮವಾರ ನಿಮ್ಮ ಕಾಯಂ ಕಾಗದಕ್ಕ ಸಹಿ ಹಾಕ್ತೀನಿ. ಸುಮ್ನೆ ತಲಿ ಕೆಡಿಸ್ಕೊಬ್ಯಾಡ್ರಿ."

ನಮ್ಮೂರ ಕಡೆ ಇದು ಶಾಸನ. ವರ ಬದಲಾದರೂ ಮುಹೂರ್ತ ಬದಲಾಗದು, ಮುಹೂರ್ತ ಬದಲಾದರೂ ಅಚ್ಚಾದ ಕಾರ್ಡು ಬದಲಾಗದು. ಮೇಷ್ಟ್ರು ಚಹಾ ಕುಡಿಯದೆ ಎದ್ದರು.

ಭಾನುವಾರ ಮಧ್ಯಾಹ್ನ ಹೊಳೆದಂಡೆಯಲ್ಲಿ ಪೆಂಡಾಲು ಎದ್ದಿತ್ತು. ದಾವಣಗೆರೆ, ಹರಿಹರ ಎರಡೂ ಕಡೆಯ ಗಣ್ಯರು ಬಂದಿದ್ದರು. ಹೆಂಗಸರ ಸಾಲಿನಲ್ಲಿ ಅಮ್ಮಾವ್ರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಳ್ಳೆಯ ಸೀರೆಯುಟ್ಟು ಕೂತಿದ್ದರು. ಪಡುವಣ ಗಾಳಿ ತನ್ನ ಹೊತ್ತಿಗೆ ಸರಿಯಾಗಿ ಹೊಳೆ ದಾಟಿ ಬಂತು. ಪೆಂಡಾಲಿನ ಒಂದು ಮಗ್ಗುಲು ಪಟಪಟ ಹೊಡೆದುಕೊಂಡು ಕಿತ್ತು ಬಂದು ಗಣ್ಯರ ತಲೆಯ ಮೇಲೆ ಕವುಚಿತು. ಅದರೊಳಗಿನಿಂದ ಹೊರಬಂದ ಸಾಹುಕಾರರು ಪೇಟ ಸರಿಮಾಡಿಕೊಂಡು, "ನೋಡ್ರಿ ಶುಭ ಸೂಚನೆ! ಇಲ್ಲಿ ಪೆಂಡಾಲೇ ಹಾರ್ತೈತೆ, ವಿಮಾನ ಹಾರಲ್ವಾ?" ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ಇಂಥ ಜನರ ಮುಂದೆ ವಿಜ್ಞಾನ ಏನು ಮಾಡೀತು?

ಭಾಷಣಗಳ ಮೇಲೆ ಭಾಷಣಗಳಾಗಿ ಕೊನೆಗೆ ವಂದನಾರ್ಪಣೆ ಬಂತು. ನಮ್ಮ ಕಡೆ ವಂದನಾರ್ಪಣೆ ಎಂದರೆ ಧೋತ್ರ ಕೊಡವಿಕೊಂಡು ಏಳುವ ಹೊತ್ತು. ಪೆಂಡಾಲಿನ ಹಿಂದೆ ಮೆಣಸಿನಕಾಯಿ ಕರಿಯುವ ವಾಸನೆ ಎದ್ದಿತ್ತು, ಮಂಡಕ್ಕಿ ಒಗ್ಗರಣೆಯ ಸದ್ದು ಕೇಳುತ್ತಿತ್ತು. ಮೇಷ್ಟ್ರು ಮೈಕಿನ ಮುಂದೆ ನಿಂತು ಒಮ್ಮೆ ಹೆಂಗಸರ ಸಾಲಿನ ಕಡೆ ನೋಡಿದರು. ಆಮೇಲೆ ಅಲ್ಲಿಂದ ಕಣ್ಣು ಕಿತ್ತು ಮಾತು ಶುರುಮಾಡಿದರು.

"ಮೊದಲನೇ ವಂದನೆ ಪಡುವಣ ಗಾಳಿಗೆ. ಇಲ್ಲಿ ಯಾವ ವಿಮಾನಾನೂ ನೆಟ್ಟಗೆ ಇಳೀದಂಗೆ ಅದು ದಿನಾ ತಪ್ಪದೆ ಅಡ್ಡ ಬೀಸ್ತೈತೆ. ನಮ್ಮ ಸಂಸ್ಥೇಲಿ ಇಷ್ಟು ನೇಮದಿಂದ ಕೆಲಸಕ್ಕೆ ಬರೋರು ಬೇರೆ ಯಾರೂ ಇಲ್ಲ. ಆಮ್ಯಾಲೆ ಮೇಲೆ ಸುತ್ತೋ ರಣಹದ್ದುಗಳಿಗೆ. ವಿಮಾನಕ್ಕೆ ಸಿಕ್ಕಿ ತಾವು ಸತ್ತು, ಒಳಗಿರೋರನ್ನೂ ಸಾಯ್ಸಕ್ಕೆ ಅವು ಈಗಿಂದ್ಲೇ ತಯಾರದಾವೆ. ಆ ತುದಿ ಚಿಮಣಿಗೆ, ಈ ತುದಿ ರೈಲಿನ ಏರಿಗೆ. ತಪ್ಪಿ ಬಂದ ವಿಮಾನಾನ ಎರಡೂ ಕಡೆಯಿಂದ ಎದುರುಗೊಳ್ತವೆ. ತಾಯಿ ತುಂಗಭದ್ರೆಗೆ, ಮಳೆಗಾಲ ಬಂದ್ರೆ ಈ ಅಡಿಗಲ್ಲನ್ನ ಅವ್ಳೇ ಬಂದು ತೊಳೀತಾಳೆ. ಇಲ್ಲಿ ವಿಮಾನ ಇಳೀಬಾರ್ದು ಅಂತ ಸಾಬೀತು ಮಾಡಿದ ನಮ್ಮ ಹುಡುಗ್ರಿಗೆ. ಅದು ತಿಳೀದೇನೇ ಬಹುಮಾನ ಕೊಟ್ಟ ಅಧ್ಯಕ್ಷರಿಗೆ. ಅದಕ್ಕೆ ಬಹಳ ದೊಡ್ಡ ಮನಸ್ಸು ಬೇಕು. ಕೊನೇದಾಗಿ, ಇಷ್ಟು ಹೇಳಿದ ಮೇಲೂ ನನ್ನನ್ನ ಕೆಲಸದಾಗ ಇಟ್ಕೊಳ್ಳೋ ಪುಣ್ಯಾತ್ಮರು ಯಾರಾದ್ರೂ ಇದ್ರೆ, ಅವರಿಗೂ ಮುಂಗಡವಾಗಿ ವಂದನೆ."

ಮಹಬೂಬ ನನ್ನ ಕೈ ಬಿಗಿಯಾಗಿ ಹಿಡಿದಿದ್ದ. ಆಗ ಕೇಳಿತು ನೋಡಿ, ಆ ದಿನದ ಅತಿ ಜೋರಾದ ಚಪ್ಪಾಳೆ. ಜನ ಚಪ್ಪಾಳೆ ತಟ್ಟುತ್ತಲೇ ಮೆಣಸಿನಕಾಯಿ ಕಡೆ ನಡೆದರು. ಸಾಹುಕಾರರು ಯಾರಿಗೋ ಎಲೆ ಅಡಿಕೆ ಕೊಡುತ್ತ ನಗುತ್ತಿದ್ದರು. ಹೆಂಗಸರ ಸಾಲಿನಲ್ಲಿ ಅಮ್ಮಾವ್ರು, ಮಗಳು ಇಬ್ಬರೇ ಕೂತಿದ್ದರು. ಆಮೇಲೆ ಎದ್ದು, ಮಗಳ ಕೈ ಹಿಡಿದು, ಯಾರ ಕಡೆಯೂ ನೋಡದೆ ಸ್ಟೇಷನ್ನಿನ ಕಡೆ ಹೊರಟುಹೋದರು.

ಸೋಮವಾರ ಮೇಷ್ಟ್ರು ತಮ್ಮ ಛತ್ರಿ, ಊಟದ ಡಬ್ಬಿಗಳನ್ನು ಆಗಲೇ ಚೀಲಕ್ಕೆ ಹಾಕಿಕೊಂಡು ತರಗತಿಯಲ್ಲಿ ಕೂತಿದ್ದರು. ಗಾಳಿ ಬರೆದಿರಲಿಲ್ಲ. ಸಾಹುಕಾರರ ಕಾರು ಬಂದು ನಿಂತಿತು. ಒಳಗೆ ಬಂದವರೇ ಕೈಯಲ್ಲಿದ್ದ ಹಾರವನ್ನು ಮೇಷ್ಟ್ರ ಕೊರಳಿಗೆ ಹಾಕಿದರು.

"ಭಾಷಣ ಅಂದ್ರೆ ನಿಮ್ದು ಮೇಷ್ಟ್ರ!"

ಮೇಷ್ಟ್ರು ಎದ್ದು ನಿಂತರು. "ನಾನೇನಂದೆ ಹೇಳ್ರಿ ನೋಡಾನ."

"ಅದೇ ಎಲ್ಲಾರಿಗೂ ವಂದನೆ ಹೇಳಿದ್ರಲ್ಲ! ಯಾರ್ನೂ ಬಿಡ್ಲಿಲ್ಲ ನೀವು, ಗಾಳಿಗೂ ಸೈತ ಹೇಳಿದ್ರಿ. ಮಂದಿ ಎಷ್ಟ್ ಚಪ್ಪಾಳಿ ಹೊಡೆದ್ರು!" ಎಂದು ಸಾಹುಕಾರರು ಜೇಬಿನಿಂದ ಕಾಯಂ ಆದೇಶ ತೆಗೆದು ಅವರ ಕೈಗಿಟ್ಟರು. ಸಹಿ ಆಗಿತ್ತು. ಮೊಹರೂ ಬಿದ್ದಿತ್ತು.

ಅಲ್ಲಿ ವಿಮಾನ ನಿಲ್ದಾಣ ಆಗಲಿಲ್ಲ ಎಂದು ಬೇರೆ ಹೇಳಬೇಕೇ? ಸರ್ಕಾರ ಜಮೀನು ಕೊಳ್ಳಲಿಲ್ಲ. ಆದರೆ ಮೇಷ್ಟ್ರು ಮಾತ್ರ ಊರಿನ ಎಲ್ಲ ಸಭೆಗಳಿಗೂ ಕಾಯಂ ವಂದನಾರ್ಪಣೆಯವರಾದರು. ಮದುವೆ ಮಂಟಪದ ಉದ್ಘಾಟನೆ ಇರಲಿ, ಸಹಕಾರಿ ಸಂಘದ ವಾರ್ಷಿಕೋತ್ಸವ ಇರಲಿ, ಕಾರ್ಡಿನ ಕೊನೆಯ ಸಾಲಿನಲ್ಲಿ ಅವರ ಹೆಸರು. ಅವರು ಎಲ್ಲ ಕಡೆಯೂ ಕಂಡದ್ದನ್ನೇ ಹೇಳಿದರು. ಎಲ್ಲ ಕಡೆಯೂ ಜನ ಎದ್ದು ಉಪಾಹಾರಕ್ಕೆ ಹೋದರು. ಸಂತಾಪ ಸಭೆಯಲ್ಲಿ ಆ ಹೊಗಳಿಕೆ ಬಂದದ್ದು ಇಂಥವರ ಬಾಯಿಂದಲೇ ಇರಬೇಕು.

ಆದರೆ ನನ್ನ ನೆನಪಿನಲ್ಲಿ ಅವರು ಉಳಿದಿರುವುದು ಆ ಸೋಮವಾರದ ಸಂಜೆ ಕಂಡ ಹಾಗೆ. ಸಿಹಿ ಹಿಡಿದುಕೊಂಡು ನಾನು, ಮಹಬೂಬ ಅವರ ಮನೆಗೆ ಹೋದೆವು. ಹಜಾರದಲ್ಲಿ ಎರಡು ಟ್ರಂಕು, ಹಗ್ಗ ಬಿಗಿದ ಹಾಸಿಗೆ ಸುರುಳಿ. ಹಿಂದಿನ ದಿನ ಹರಿಹರದಿಂದ ಬಂದವರೇ ಅಮ್ಮಾವ್ರು ಕಟ್ಟಿಟ್ಟದ್ದು. ಆ ಇಡೀ ಪೆಂಡಾಲಿನಲ್ಲಿ ವಂದನಾರ್ಪಣೆಯನ್ನು ಮೊದಲಿಂದ ಕೊನೆವರೆಗೆ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ತಕ್ಕ ಏರ್ಪಾಡು ಮಾಡಿದವರು ಅವರೊಬ್ಬರೇ. ಈಗ ಒಳಗೆ ಅವರು ಒಂದೊಂದೇ ಪಾತ್ರೆ ತೆಗೆದು ಗೂಡಿನಲ್ಲಿ ಮತ್ತೆ ಜೋಡಿಸುತ್ತಿದ್ದರು. ಸದ್ದು ಜೋರಾಗಿಯೇ ಇತ್ತು.

ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ಆದೇಶ ತೊಡೆಯ ಮೇಲಿತ್ತು. ಖುಷಿಯಾಗಿರುತ್ತಾರೆ ಎಂದುಕೊಂಡಿದ್ದೆ. ಮುಖ ನೋಡಿ ನನಗೆ ಅಳು ಬಂತು. ಹೊಡೆಸಿಕೊಳ್ಳಲು ಬೆನ್ನು ಕೊಟ್ಟು ನಿಂತವನನ್ನು ಯಾರೂ ಹೊಡೆಯದೆ ದಾಟಿಹೋದರೆ ಹೇಗಾದೀತೋ ಹಾಗೆ ಕೂತಿದ್ದರು.

"ಕಾಯಂ ಆತಲ್ಲ ಸಾರ್" ಎಂದ ಮಹಬೂಬ, ಮೆಲ್ಲಗೆ.

"ಆತಪ್ಪ" ಎಂದರು. ಬೀದಿಯ ಕಡೆ ನೋಡುತ್ತ, "ಅಷ್ಟು ಮಂದಿಯೊಳಗೆ ಒಬ್ರಾದ್ರೂ ಸಿಟ್ಟಾಗಬೇಕಿತ್ತು ಕಣಪ್ಪ" ಎಂದರು.

ಒಳಗೆ ಪಾತ್ರೆಯ ಸದ್ದು ನಿಂತಿತು. ಅಮ್ಮಾವ್ರು ಹಿಂದಿನ ದಿನದಿಂದ ಅವರ ಜೊತೆ ಆಡಿದ ಮೊದಲ ಮಾತು ಅದಂತೆ:

"ನಾನಾಗೀನಲ್ರೀ, ಸಾಲ್ದೇನು? ಬರ್ರಿ ಒಳಗೆ, ಊಟಕ್ಕೆ ಏಳ್ರಿ."